ರಬ್ಬರಿನ ಹೊಟ್ಟೆ ಗುಡುಗುಟ್ಟಿದ್ದು

ಅರವತ್ತರ ದಶಕದ ಆ ದಿನಗಳಲ್ಲಿ ಸೈಕಲ್ಲಿನ ಹಳೆಯ ಟ್ಯೂಬು ಸಿಕ್ಕರೆ ನಮಗೆ ಹಬ್ಬ. ಅಪ್ಪನಿಗೆ ರೈಲ್ವೆಯಲ್ಲಿ ವರ್ಗವಾಗಿ ನಾವು ಧಾರವಾಡದಿಂದ ಅಹಮದಾಬಾದಿನ ಸಾಬರಮತಿ ಕ್ವಾರ್ಟರ್ಸಿಗೆ ಬಂದಿದ್ದೆವು. ಉಳಿದ ಹುಡುಗಿಯರು ಟ್ಯೂಬು ಕತ್ತರಿಸಿ ಜಡೆಗೆ ರಬ್ಬರ್ ಬ್ಯಾಂಡು ಮಾಡಿಕೊಂಡರೆ, ಆರನೆಯ ಇಯತ್ತೆಯ ನಾನು ಕರುಳು ಮಾಡಿದೆ. ಹೌದು ಮತ್ತೆ, ಕರುಳು!

ಹೊಟ್ಟೆ ಏಕೆ ಗುಡುಗುಡು ಎನ್ನುತ್ತದೆಂದು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ತೋರಿಸುವ ಹುಚ್ಚು ನನಗೆ. ಬಿಸಿನೀರಿನ ರಬ್ಬರ್ ಚೀಲವೇ ಜಠರ. ಅದಕ್ಕೆ ಟ್ಯೂಬು ಜೋಡಿಸಿ, ಹಲಗೆಯ ಮೇಲೆ ಸುತ್ತಿ, ಅಲ್ಲಲ್ಲಿ ದಾರದಿಂದ ಬಿಗಿದಿದ್ದೆ. ನಾಳೆ ಬೆಳಿಗ್ಗೆ ಇದು ಸದ್ದು ಮಾಡದಿದ್ದರೆ ಮೇಜಿನ ಮೇಲೆ ಜಾಗವಿಲ್ಲ ಎಂದು ಮಾಸ್ತರರು ಖಡಾಖಂಡಿತ ಹೇಳಿಬಿಟ್ಟಿದ್ದರು.

ನೀರು ತುಂಬಲು ಅವ್ವ ಕುಳಿತಳು. ಸಾಕು ಸಾಕೆಂದವರ ಎಲೆಗೂ ಇನ್ನೊಂದು ಹೋಳಿಗೆ ಹಾಕುವ ಕೈ ಅದು.

"ತಡಿ, ಇನ್ನಷ್ಟು ಹಾಕ್ತೀನಿ. ಪಾಪ, ಅರೆಹೊಟ್ಟಿ ಇರಬಾರ್ದು."

ಕಂಠಮಟ್ಟ ತುಂಬಿಸಿದಳು. ಚೀಲ ಹಿಚುಕಿದೆ. ಸದ್ದಿಲ್ಲ. ಮತ್ತೆ ಹಿಚುಕಿದೆ. ಊಹೂಂ! ಅವ್ವನ ತೊಡೆಯ ಮೇಲೆ ಬಿದ್ದು ಗೊಳೋ ಎಂದು ಅತ್ತೆ.

ಅವತ್ತು ಏಕಾದಶಿ, ಅವ್ವ ನಿರಾಹಾರ. ನನ್ನ ಕಿವಿಯ ಪಕ್ಕದಲ್ಲೇ ಅವಳ ಹೊಟ್ಟೆ ಜೋರಾಗಿ ಗುಡುಗುಟ್ಟಿತು. ಅವಳು ನಾಚಿ ಸೆರಗು ಎಳೆದುಕೊಂಡಳು.

"ಏಳವಾ, ಖಾಲಿ ಹೊಟ್ಟಿ, ಒಳಗ ಗಾಳಿ ಆಡ್ಲಿಕತ್ತದ."

ನಾನು ದಡಬಡಿಸಿ ಎದ್ದೆ. "ಅವ್ವಾ, ನಮ್ಮ ಚೀಲದಾಗ ಗಾಳೀನ ಇಲ್ಲ!"

ಅರ್ಧ ನೀರು ಚೆಲ್ಲಿ, ಗಾಳಿ ಸೇರಿಸಿ ಹಿಚುಕಿದೆ. ಗುಡುಗುಡು... ಗುರ್ರ್! "ಅಯ್ಯ ನಿನ್ನ, ಥೇಟ್ ನಂದ ಹೊಟ್ಟಿ!" ಎಂದು ಅವ್ವ ಬಿದ್ದುಬಿದ್ದು ನಕ್ಕಳು.

ಮರುದಿನ ಪರೀಕ್ಷಕರು ಚೀಲ ಒತ್ತಿದರು. ರಬ್ಬರಿನ ಹೊಟ್ಟೆ ಗುಡುಗಿತು, ಇಡೀ ಸಭಾಂಗಣ ನಕ್ಕು ಚಪ್ಪಾಳೆ ತಟ್ಟಿತು. ಇದನ್ನು ಯಾರು ಕಲಿಸಿದರು ಎಂದು ಅವರು ಹಿಂದಿಯಲ್ಲಿ ಕೇಳಿದಾಗ ನಾನು, ಅಪ್ಪನ ಜೊತೆ ನೋಡಲು ಬಂದು ಕುಳಿತಿದ್ದ ಅವ್ವನ ಕಡೆ ಬೆರಳು ಮಾಡಿದೆ. ಹಿಂದಿ ಬಾರದ ಅವಳಿಗೆ ಅಪ್ಪ ಪ್ರಶ್ನೆ ತಿಳಿಸಿ ಹೇಳಿದರು. ಪರಗಂಡಸರೆದುರು ತಲೆಯೆತ್ತದ ಅವ್ವ, ಎದ್ದು ನಿಂತು ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದಳು:

"ಮಾಡಿದಾಕಿ ನನ್ನ ಮಗಳು. ಆ ಸಪ್ಪಳ ನಂದು!"

ಅಪ್ಪ ನಗುತ್ತಲೇ ಅದನ್ನು ಹಿಂದಿಗೆ ತಿರುಗಿಸಿದರು. ಮೊದಲ ಬಹುಮಾನ ನನಗೇ ಬಂತು. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ, ಇಳಿಯುವುದೂ ಬೇಡ.

ಈಗ ಮೊಮ್ಮಗಳು ಕರುಳಿನ ಚಲನೆಯನ್ನು ಮೊಬೈಲಿನಲ್ಲಿ ತೋರಿಸುತ್ತಾಳೆ. ಚಂದವಾಗಿಯೇ ಇರುತ್ತದೆ, ಸುಳ್ಳು ಹೇಳಬಾರದು. ಆದರೆ ಮಗಳು ಗೆಲ್ಲಲೆಂದು ತುಂಬಿದ ಸಭೆಯಲ್ಲಿ ತನ್ನ ನಾಚಿಕೆಯನ್ನೇ ಎತ್ತಿ ಕೊಟ್ಟ ಅವ್ವ ಇಲ್ಲ. ನನ್ನ ಹೊಟ್ಟೆ ಗುಡುಗುಟ್ಟಿದರೆ ಕೇಳಿ, "ಏಳವಾ, ಉಣ್ಣು" ಎನ್ನುವವರೂ ಇಲ್ಲ.