ಬಾಣದ ಗುರುತಿಗೆ ಎದುರಾಗಿ

“ನೀವು ತಪ್ಪು ದಿಕ್ಕಿನಲ್ಲಿ ನಡೆಯುತ್ತಿದ್ದೀರಿ,” ಎಂದು ಎದುರು ಬಂದ ಅಮೆರಿಕನ್ ಹಿರಿಯರೊಬ್ಬರು ಇಂಗ್ಲಿಷಿನಲ್ಲಿ ಹೇಳಿ, ಬಾಣದ ಫಲಕ ತೋರಿಸಿದರು. ನಾನು ಆರನೇ ಸಲ ‘ಸಾರಿ’ ಎಂದೆ.

ಸ್ಯಾನ್ ಹೋಸೆ ಬಳಿಯ ಆ ಕೌಂಟಿ ಪಾರ್ಕಿನಲ್ಲಿ ಹಿಂದಿನ ಕಾಲದ ತೋಟದ ಮನೆಯೊಂದಿದೆ, ಅದರ ಪಕ್ಕದಲ್ಲಿ ಭಾರಿ ಓಕ್ ಮರ. ಎರಡನ್ನೂ ಸುತ್ತಿ ಹೊಳೆಯ ದಂಡೆಗುಂಟ ನಡೆದು ಬರಬೇಕು. ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಮರ ಕಂಡದ್ದೇ ಕೈ ಮುಗಿದಿದ್ದರು. ಬಾಣ ತೋರಿಸಿದಂತೆ ಹೋದರೆ ಮರ ಎಡಕ್ಕೆ ಬಂದು ಅಪ್ರದಕ್ಷಿಣೆಯಾಗುತ್ತದೆಂದು ಹಟ ಹಿಡಿದು, ಸೀರೆ ಎತ್ತಿ ಸಿಕ್ಕಿಸಿ, ಉಲ್ಟಾ ಹೊರಟೇಬಿಟ್ಟಿದ್ದರು. ಮಂಡಿ ಆಪರೇಷನ್ ಆದಮೇಲೆ ಅದೇ ಅವರ ಮೊದಲ ದೊಡ್ಡ ನಡಿಗೆ.

“ಸಾಕು ಅತ್ತೆ, ಮಂಡಿ ನೋಯುತ್ತೆ, ವಾಪಸ್ ಹೋಗೋಣ,” ಎಂದೆ.

“ಪ್ರದಕ್ಷಿಣೆನ ಅರ್ಧಕ್ಕೆ ಬುಟ್ಟು ಯಾರಾದ್ರೂ ತಿರುಗ್ತಾರಾ? ಕಂಡೋರಿಗೆಲ್ಲ ಸಾರಿ ಸಾರಿ ಅಂತೀಯಲ್ಲ, ನಾವೇನ್ ಅವ್ರ ದಾರಿ ಕದ್ದಿದ್ದೀವಾ?”

ಆ ಹಿರಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅತ್ತೆ ಸುತ್ತು ಮುಗಿಸಿಯೇ ಬೆಂಚಿನ ಮೇಲೆ ಕುಳಿತರು.

ಅವರೀಗ ಊರಿಗೆ ಮರಳಿದ್ದಾರೆ. ನಾನು ಪ್ರತಿ ಶನಿವಾರ ಮರವನ್ನು ಬಲಕ್ಕಿಟ್ಟುಕೊಂಡೇ ಆ ಸುತ್ತು ಹಾಕುತ್ತೇನೆ. ಎದುರು ಬಂದವರಿಗೆ ನಮಸ್ಕಾರ ಹೇಳುತ್ತೇನೆ, ಸಾರಿ ಹೇಳುವುದಿಲ್ಲ.