ಸಿರಿಗೇರಿಗೆ ಹೋದ ಆಕಾಶದ ಹಡಗು

ಹೋದ ತಿಂಗಳು ಸಕ್ಕರೆ ಕಾಯಿಲೆ ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದೆ. ನರ್ಸು ನನ್ನ ಬೆರಳ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಮೂಗಿಗೆ ಚುಚ್ಚುವ ಆ ತಣ್ಣನೆಯ ವಾಸನೆ ಬಂದದ್ದೇ ತಡ, ಬಳ್ಳಾರಿ ಗಾಂಧಿನಗರದ ಒಂದು ನಡುಮನೆ ಕಣ್ಣ ಮುಂದೆ ಬಂತು. ಚಾಪೆಯ ಮೇಲೆ ಟೀಚರಕ್ಕ. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಟೇಪ್ ರೆಕಾರ್ಡರಿನ ಒಳಗಿನ ಹೆಡ್ ಒರೆಸುತ್ತಿದ್ದರು. "ಇದರ ತಲಿ ಹೊಲಸಾದ್ರ ನಮ್ ಮಾತೆಲ್ಲ ನೀರಾಗ ಮುಳುಗಿದಂಗ ಕೇಳ್ತಾವ," ಎನ್ನುತ್ತಿದ್ದರು.

ಅದು ಎಂಬತ್ತರ ದಶಕದ ಮಾತು. ದೇಶನೂರಿನಿಂದ ಬಳ್ಳಾರಿಗೆ ಸೊಸೆಯಾಗಿ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಪಕ್ಕದ ಮನೆಯ ಟೀಚರಕ್ಕ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ನಮ್ಮ ಓಣಿಗೆ ಮೊದಲ ಟಿ.ವಿ. ಬಂದದ್ದು ಅವರ ಮನೆಗೆ. ಭಾನುವಾರ ಬೆಳಿಗ್ಗೆ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದೆವು. ಆಗ ಒಂದು ಇಂಗ್ಲಿಷ್ ಧಾರಾವಾಹಿ ಬರುತ್ತಿತ್ತು. ಆಕಾಶದಲ್ಲಿ ಹಡಗಿನಂಥದ್ದೊಂದು ತೇಲಿಕೊಂಡು ಹೋಗಿ ವಾರಕ್ಕೊಂದು ಗ್ರಹದಲ್ಲಿ ಇಳಿಯುವುದು. ಅದು ಶುರುವಾದೊಡನೆ ಉಳಿದವರೆಲ್ಲ ಸೆರಗು ಕೊಡವಿಕೊಂಡು ಎದ್ದು ಹೋಗುವರು. ನಾನು, ಟೀಚರಕ್ಕ ಇಬ್ಬರೇ ಉಳಿಯುತ್ತಿದ್ದೆವು. ಅವರಿಗೆ ಅದರಲ್ಲಿ ಅರ್ಧ ತಿಳಿಯುತ್ತಿತ್ತು, ನನಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಹಡಗಿನ ಬಾಗಿಲ ಆಚೆ ಏನಿದೆಯೋ ಎಂಬ ಕುತೂಹಲ ಇಬ್ಬರಿಗೂ ಒಂದೇ ಸಮನಾಗಿತ್ತು...

ಟೀಚರಕ್ಕನಿಗೆ ಚಿಕ್ಕಂದಿನಲ್ಲೇ ತಾಯಿ ಇಲ್ಲದಾಗಿ, ಅವರನ್ನು ಬೆಳೆಸಿ ಓದಿಸಿದವರು ಅವರ ಅಕ್ಕ. ಗಂಡನ ಊರಾದ ಸಿರಿಗೇರಿಯಲ್ಲಿದ್ದರು. ಆ ವರ್ಷ ಅವರ ಕಣ್ಣು ಪೂರ್ತಿ ಹೋದವು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರಂತೆ. ಬಲವಂತಕ್ಕೆ ಎರಡು ತುತ್ತು ತಿನ್ನುವರು, ಯಾರೊಡನೆಯೂ ಮಾತಿಲ್ಲ. ಟೀಚರಕ್ಕ ಭಜನೆ, ವಚನಗಳ ಕ್ಯಾಸೆಟ್ಟು ಒಯ್ದು ಹಚ್ಚಿ ಕೂತರು. ಕೊನೆಗೆ ಅಕ್ಕ ಗೋಡೆಗೇ ಹೇಳಿದ ಹಾಗೆ ಹೇಳಿದರಂತೆ: "ಗೊತ್ತಿದ್ದದ್ದನ್ನ ಎಷ್ಟ್ ಸಲ ಕೇಳ್ಲಿ? ಗೊತ್ತಿಲ್ಲದ್ದು ಏನರ ಇದ್ರ ಹೇಳು."

ಊರಿಂದ ಬಂದವರೇ ಟೀಚರಕ್ಕ ನನ್ನನ್ನು ಕರೆದರು. ಅವರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ದೇಶನೂರಾಕಿ, ಆ ಹಡಗಾ ಸಿರಿಗೇರಿಗೆ ಕಳಿಸ್ಬೇಕಲ್ಲ, ಹೆಂಗ?"

ಮೊದಲು ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟು ನೋಡಿದೆವು. ಬರೀ ಇಂಗ್ಲಿಷ್ ಗದ್ದಲ. ಅದಕ್ಕೇ ಟೀಚರಕ್ಕ ಕಥೆಯನ್ನು ತಾವೇ ಕನ್ನಡದಲ್ಲಿ ಹೇಳುತ್ತ ಹೋಗುವುದು, ನಡುವೆ ಮಾತು ಬಂದಲ್ಲಿ ನಾವಿಬ್ಬರೂ ಪಾತ್ರವಾಗುವುದು ಎಂದಾಯಿತು. ಪರದೆಯ ಮೇಲೆ ಕ್ಯಾಪ್ಟನ್ ಗಂಡಸು. ನಮ್ಮಲ್ಲಿ ನಾನು. ನಾನು ಹಿಂಜರಿದಾಗ ಅವರು, "ಹೊಲದಾಗ ಈ ಬದುವಿಂದ ಆ ಬದುವಿಗೆ ಕೂಗಿದ ಧ್ವನಿ ನಿಂದು. ಈ ಊರಿಗೆ ಬಂದು ಯಾಕ ಮಡಚಿ ಇಟ್ಟೀ?" ಎಂದರು. ಅದು ನಿಜವಾಗಿತ್ತು. ಗಂಡನ ಮನೆಯಲ್ಲಿ ನಾನು ಗಟ್ಟಿಯಾಗಿ ಮಾತಾಡಿದ್ದೇ ಇರಲಿಲ್ಲ.

ಹಡಗಿನ ಬಾಗಿಲು ತೆರೆಯುವುದಕ್ಕೆ ಕುಕ್ಕರಿನ ಹಬೆ ಬಿಟ್ಟೆವು. ಗ್ರಹದ ಮೇಲೆ ನಡೆಯುವ ಸದ್ದಿಗೆ ಮೊರದಲ್ಲಿ ಮಂಡಕ್ಕಿ ಹಾಕಿ ಅಂಗೈಯಿಂದ ಒತ್ತಿದೆವು. ನಾನು ಕಣ್ಣು ಮುಚ್ಚಿ, ಹೊಟ್ಟೆಯಿಂದ ಕೂಗಿದೆ: "ಯಾರೂ ಅಲುಗಾಡಬ್ಯಾಡ್ರಿ! ಬಾಗ್ಲಾ ತೆಗೀರಿ!"

ನಮ್ಮತ್ತೆ ಹಿಟ್ಟಿನ ಕೈಯಲ್ಲೇ ಓಡಿ ಬಂದರು. "ಯಾರಿಗೆ ಬಯ್ಯಾಕತ್ತೀ?"

ಟೀಚರಕ್ಕ ನಗಲಿಲ್ಲ. "ಬರ್ರಿ ಅಮ್ಮಾ, ಒಳ್ಳೆ ಹೊತ್ತಿಗೆ ಬಂದ್ರಿ. ಆ ಒರಳಾಗ ಗುಂಡುಕಲ್ಲು ಸುಮ್ನ ತಿರುವ್ರಿ. ಹಡಗು ಹೊಂಟೈತಿ, ಅದರ ಸಪ್ಪಳ ಬೇಕು," ಎಂದರು. ಅತ್ತೆ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು, ಆಮೇಲೆ ಕುಳಿತು ಕಲ್ಲು ತಿರುವಿದರು. ಮುಗಿದ ಮೇಲೆ ಎದ್ದು ಹೋಗಲೇ ಇಲ್ಲ. "ಆ ಗ್ರಹದಾಗ ಸಿಕ್ಕೊಂಡೋರು ಬದುಕ್ತಾರೇನು?" ಎಂದು ಕೇಳಿದರು. ಅಂದಿನಿಂದ ಭಾನುವಾರ ನನ್ನನ್ನು ಯಾರೂ ತಡೆಯಲಿಲ್ಲ.

ಕ್ಯಾಸೆಟ್ಟನ್ನು ಸಿರುಗುಪ್ಪ ಬಸ್ಸಿನ ಕಂಡಕ್ಟರ್ ಕೈಲಿ ಕೊಟ್ಟು ಕಳಿಸುತ್ತಿದ್ದೆವು. ಅಕ್ಕನ ಮಗ ಸಿರಿಗೇರಿ ಕ್ರಾಸಿನಲ್ಲಿ ಇಳಿಸಿಕೊಳ್ಳುತ್ತಿದ್ದ. ಮೊದಲ ಎರಡಕ್ಕೆ ಏನೂ ಸುದ್ದಿಯಿಲ್ಲ. ಮೂರನೆಯದರಲ್ಲಿ ಬೇರೆ ಗ್ರಹದವರ ಭಾಷೆ ಬೇಕಾಗಿತ್ತು. ಟೀಚರಕ್ಕ ಆದೋನಿ ಕಡೆಯ ತೆಲುಗು ಮಾತುಗಳನ್ನು ತಿರುವುಮುರುವು ಮಾಡಿ ಗಡಸು ದನಿಯಲ್ಲಿ ಹೇಳಿದ್ದರು. ಆ ವಾರ ಮಗ ತಾನೇ ಬಳ್ಳಾರಿಗೆ ಬಂದ. "ಅವ್ವ ಕೇಳ್ಯಾಳ, ಆ ಗ್ರಹದೋರು ಆದೋನಿ ಕಡಿಯವ್ರಾ ಅಂತ," ಎಂದ. ಟೀಚರಕ್ಕ ನಗುನಗುತ್ತಲೇ ಅಳತೊಡಗಿದರು. ಅಕ್ಕ ಗೋಡೆ ಬಿಟ್ಟು ಎದ್ದು ಕೂತಿದ್ದರು.

ಆಮೇಲೆ ಒಮ್ಮೆ ನನ್ನನ್ನೂ ಸಿರಿಗೇರಿಗೆ ಕರೆದೊಯ್ದರು. ಅಕ್ಕ ನನ್ನ ಕೈ ಹಿಡಿದು, "ಕ್ಯಾಪ್ಟನ್ ಕೈ ಇಷ್ಟ್ ಸಣ್ಣದೇನು?" ಎಂದರು. ಟಿ.ವಿ.ಯಲ್ಲಿ ನೋಡಿದ ನನಗೇ ಸರಿಯಾಗಿ ತಿಳಿಯದ ಆ ಆಕಾಶ ನಿಮಗೆ ಯಾಕೆ ಇಷ್ಟ ಎಂದು ಕೇಳಿದೆ. ಅವರು ನನ್ನ ಕೈ ಬಿಡದೆ ಹೇಳಿದರು:

"ನಮ್ಮೂರ ಸುದ್ದಿ ಹೇಳಿದ್ರ ನನಗ ಕಾಣೋದಿಲ್ಲ ಅನ್ನೋದು ನೆನಪಾಗ್ತೈತಿ. ಅಲ್ಲಿಗ್ಯಾರು ಹೋಗ್ಯಾರವ್ವ? ಯಾರೂ ನೋಡಿಲ್ಲ. ಅಲ್ಲಿ ನನಗ ಎಷ್ಟ್ ಕಾಣ್ತೈತೋ ಎಲ್ಲಾರ್ಗೂ ಅಷ್ಟ."

ಮುಂದಿನ ವರ್ಷ ಟೀಚರಕ್ಕನಿಗೆ ಕುರುಗೋಡಿಗೆ ವರ್ಗವಾಯಿತು. ಟಿ.ವಿ.ಯನ್ನು ಒಯ್ದು ಎತ್ತರದ ಬಿದಿರಿಗೆ ಆಂಟೆನಾ ಕಟ್ಟಿಸಿದರು. ಬಳ್ಳಾರಿಯ ಚಿತ್ರ ಅಲ್ಲಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಪರದೆಯ ತುಂಬ ಬಿಳಿ ಚುಕ್ಕಿಗಳು, ಅದರ ಹಿಂದಿನಿಂದ ಮಾತು ಮಾತ್ರ. ನಾನು ಭಾನುವಾರ ಬಸ್ಸಿನಲ್ಲಿ ಹೋಗಿ, ಅಯ್ಯೋ ಇನ್ನು ಹೇಗೆ ಮಾಡುವುದು ಎಂದರೆ ಅವರ ಮುಖದಲ್ಲಿ ಏನೋ ಉಮೇದು. "ಈಗ ನೋಡು, ಅಕ್ಕಗ ಹೆಂಗೋ ನನಗೂ ಹಂಗ. ಬಾಗ್ಲ ತೆರೆದ ಸಪ್ಪಳ ಬರ್ತೈತಿ, ಆಚಿ ಏನೈತಿ ಅಂತ ನಾನ ಹುಡುಕ್ಬೇಕು." ಆ ದಿನಗಳ ಕ್ಯಾಸೆಟ್ಟುಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಟಿ.ವಿ.ಯಲ್ಲಿ ನೋಡಿದಾಗ ಆ ಗ್ರಹಗಳು ಬಣ್ಣ ಬಳಿದ ಗೋಡೆಯಂತಿದ್ದವು. ಕಣ್ಣು ಮುಚ್ಚಿ ಕೇಳಿದಾಗ ಅವಕ್ಕೆ ಕೊನೆಯೇ ಇರುತ್ತಿರಲಿಲ್ಲ.

ಒಂದು ಭಾನುವಾರ ಆ ಹೊತ್ತಿಗೆ ಬೇರೆ ಯಾವುದೋ ಕಾರ್ಯಕ್ರಮ ಬಂತು. ಧಾರಾವಾಹಿ ನಿಂತುಹೋಗಿತ್ತು. ಟೀಚರಕ್ಕ ಟಿ.ವಿ. ಆರಿಸಿದರು. "ಇನ್ ಮ್ಯಾಲ ಹಡಗು ನಮ್ದ," ಎಂದರು. ನಾವೇ ಕಥೆ ಕಟ್ಟಿದೆವು. ಸಿರಿಗೇರಿಗೆ ಕಳಿಸಿದ ಕೊನೆಯ ಕ್ಯಾಸೆಟ್ಟಿನಲ್ಲಿ ಹಡಗು ಬೆಳಕೇ ಇಲ್ಲದ ಒಂದು ಗ್ರಹಕ್ಕೆ ಇಳಿಯುತ್ತದೆ, ಇಳಿಯುವಾಗಲೇ ಆ ಭಾಗ ಮುಗಿಯುತ್ತದೆ. ಮುಂದೆ ಏನು ಎಂದು ಕೇಳಿದರೆ ನನಗೂ ಹೇಳಲಿಲ್ಲ. "ಮುಂದಿನ್ದು ಸಿರಿಗೇರ್ಯಾಗ ರೆಕಾರ್ಡ್ ಮಾಡೋಣು. ಅಕ್ಕಗೂ ಒಂದ್ ಪಾತ್ರ ಐತಿ," ಎಂದಷ್ಟೇ ಅಂದರು.

ಆ ಮಳೆಗಾಲದಲ್ಲಿ ಅವರಿಗೆ ಕಾಮಾಲೆ ಬಂತು. ಔಷಧಿ ಹಿಡಿಯಲಿಲ್ಲ. ಕುರುಗೋಡಿನಿಂದ ಬಳ್ಳಾರಿಯ ಆಸ್ಪತ್ರೆಗೆ ತಂದರು. ಅಲ್ಲಿಂದ ಮನೆಗೆ ಬರಲಿಲ್ಲ...

ಮಣ್ಣಾದ ಮೇಲೆ ಅತ್ತೆಯ ಜೊತೆ ಸಿರಿಗೇರಿಗೆ ಹೋದೆ. ಅಕ್ಕ ಮತ್ತೆ ಗೋಡೆಯ ಕಡೆ ತಿರುಗಿರುತ್ತಾರೆ ಎಂದು ಹೆದರಿದ್ದೆ. ಇಲ್ಲ, ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಧ್ವನಿ ಕೇಳಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಆಮೇಲೆ ಅವರೇ ಕೇಳಿದರು.

"ಹಡಗು ಇಳೀತೇನು?"

ನನಗೆ ಕಥೆ ಗೊತ್ತಿರಲಿಲ್ಲ. ಕೈಯಲ್ಲಿ ಟೇಪ್ ರೆಕಾರ್ಡರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಕ್ಯಾಪ್ಟನ್ ದನಿಯಲ್ಲಿ ಹೇಳಿದೆ: "ಇಳಿದ್ವಿ. ಹೊರಗ ಏನೂ ಕಾಣವಲ್ದು. ನಮ್ಮೋರು ಯಾರೂ ಕಾಲಿಡಾಕ ಒಲ್ಲೆ ಅಂತಾರ."

ಅಕ್ಕ ಗೋಡೆ ಹಿಡಿದು ಎದ್ದು ನಿಂತರು. ಕೈಚಾಚಿ ನನ್ನ ಭುಜ ಹುಡುಕಿದರು.

"ಕತ್ತಲಾಗ ನಡಿಯೋದು ನನಗ ಬರ್ತೈತಿ. ನಾ ಮುಂದ ಹೋಗ್ತೀನಿ. ನೀವ್ ನನ್ ಹಿಂದ ಬರ್ರಿ," ಎಂದರು. ಟೀಚರಕ್ಕ ಅವರಿಗೆಂದು ಇಟ್ಟಿದ್ದ ಪಾತ್ರ ಯಾವುದೆಂದು ನನಗೆ ಆಗ ಹೊಳೆಯಿತು.

ಅಂಗಳದ ತುಂಬ ನಡೆದೆವು, ಅವರು ಮುಂದೆ, ನಾನು ಹಿಂದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನೋಡುತ್ತಿದ್ದರು.

ಈಗ ಅಕ್ಕನೂ ಇಲ್ಲ, ಅತ್ತೆಯೂ ಇಲ್ಲ. ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾದವಂತೆ. ಆ ಹಳೆಯ ಧಾರಾವಾಹಿ ಫೋನಿನಲ್ಲೇ ಸಿಗುತ್ತದೆ, ಹಚ್ಚಿಕೊಡಲೇ ಎಂದು ಮಗಳು ಕೇಳುತ್ತಾಳೆ. ನನಗೆ ಅದನ್ನು ನೋಡಬೇಕು ಅನಿಸುವುದಿಲ್ಲ. ಒಂದು ಮಾತು ಮಾತ್ರ ತಿಳಿಯಬೇಕಿತ್ತು. ಆ ಕತ್ತಲ ಗ್ರಹದಲ್ಲಿ ಅಕ್ಕನಿಗೆ ಮುಂದೆ ಏನು ಸಿಗಬೇಕೆಂದು ಟೀಚರಕ್ಕ ಎಣಿಸಿದ್ದರೋ... ಅದನ್ನು ಕೇಳಿ ತಿಳಿಯಲು ಈಗ ಯಾರೂ ಉಳಿದಿಲ್ಲ.