ಮರಿದಡ್ಡಿಯ ಬಳಿ ಕೇಳಿದ ಪ್ರಶ್ನೆ

ಕುಷ್ಟಗಿಯ ಮುಬಾಶಿರಾಗೆ ಕುರಿಯ ವಾಸನೆ ಹೊಸದಲ್ಲ. ತಂದೆ ಬಾಬಾಸಾಬ ಸಂತೆಯಿಂದ ಸಂತೆಗೆ ಅಲೆದು ಕುರಿ ವ್ಯಾಪಾರ ಮಾಡಿದವರು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಮೌನದ ಮಾತುಕತೆಯನ್ನು ನೋಡುತ್ತಲೇ ಅವಳು ಬೆಳೆದಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ತೋಳಗಳ ಸಂರಕ್ಷಣೆಗೆ ದುಡಿಯುವ ಸಂಸ್ಥೆಯೊಂದನ್ನು ಸೇರಿದಾಗ ತಂದೆ ನಕ್ಕಿದ್ದರು.

"ತ್ವಾಳದ ಸುದ್ದಿ ತ್ವಾಳಾನ ಕೇಳಬೇಕು. ಮಂದೀನ್ಯಾಕ ಕೇಳತಿ?"

"ತ್ವಾಳ ಉಳಿಯೂದು ಮಂದಿ ಕೈಯಾಗ ಐತಿ ಅಬ್ಬಾ."

ಆ ಮಾತಿನ ಭಾರ ಅವಳಿಗೆ ತಿಳಿದದ್ದು ಯಲಬುರ್ಗಾದ ಬಯಲಿನಲ್ಲಿ, ಒಂದು ಜನವರಿಯಲ್ಲಿ. ಹಳ್ಳದ ದಂಡೆಯ ಬಿಲವೊಂದರಲ್ಲಿ ತೋಳ ಮರಿ ಹಾಕಿತ್ತು. ಅಲ್ಲಿಂದ ಕೂಗಳತೆಯ ದೂರದಲ್ಲಿ, ಕೊಯ್ಲಾದ ಹೊಲದಲ್ಲಿ, ಕುರಿಗಾರ ಪಕ್ಕೀರಪ್ಪನ ಹಟ್ಟಿ ಬೀಡುಬಿಟ್ಟಿತ್ತು. ಒಂದೇ ವಾರದಲ್ಲಿ ಎರಡು ಕುರಿಮರಿಗಳು ಹೋಗಿದ್ದವು. ಅಮಾವಾಸ್ಯೆಯ ಪೂಜೆ ಮುಗಿದ ಮರುದಿನವೇ ಬಿಲದ ಬಾಯಿಗೆ ಜಾಲಿಮುಳ್ಳು ತುರುಕಿ ಹೊಗೆ ಹಾಕುವುದಾಗಿ ಅವನು ಊರಲ್ಲೆಲ್ಲ ಹೇಳಿಕೊಂಡಿದ್ದ.

ಮುಬಾಶಿರಾ ತಾನೇ ಸಿದ್ಧಪಡಿಸಿದ ಪ್ರಶ್ನಾವಳಿಯೊಂದಿಗೆ ಹಟ್ಟಿಗೆ ಹೋದಳು. ಮೊದಲ ಪ್ರಶ್ನೆ ಕೇಳಿದಳು: "ಕುರಿ ಎಷ್ಟ ಅದಾವ್ರಿ ಅಣ್ಣಾ?"

ಪಕ್ಕೀರಪ್ಪ ಹೆಗಲ ಮೇಲಿನ ಕಂಬಳಿಯನ್ನು ಸರಿಪಡಿಸಿಕೊಂಡ. "ನೀ ಬಾಬಾಸಾಬನ ಮಗಳು ಹೌದಲ್ಲ? ನಿಮ್ಮಪ್ಪ ಇಷ್ಟು ವರ್ಷ ನಮ್ಮ ಕುರಿ ಕೊಂಡಾನ. ಒಂದಿನಾರ ಎಷ್ಟ ಅದಾವ ಅಂತ ಕೇಳ್ಯಾನೇನು? ಮರಿ ಕಳಕೊಂಡ ಹಟ್ಟ್ಯಾಗ ಎಣಿಸಾಕ ಕುಂತೀಯಲ್ಲ ತಂಗಿ!"

ಅಷ್ಟು ಹೇಳಿ ಅವನು ಕುರಿಗಳ ಹಿಂದೆ ನಡೆದುಬಿಟ್ಟ. ಕುರಿಯ ಲೆಕ್ಕವನ್ನು ಬಾಯಿಬಿಟ್ಟು ಕೇಳಿದರೆ ದೃಷ್ಟಿಯಾಗುತ್ತದೆಂಬ ನಂಬಿಕೆ ಅವಳಿಗೆ ತಿಳಿಯದ್ದೇನಲ್ಲ. ಅದು ವ್ಯಾಪಾರಕ್ಕೆ ಸಲ್ಲುವ ನಿಯಮ, ಅಧ್ಯಯನಕ್ಕಲ್ಲ ಎಂದು ಅವಳು ಅಂದುಕೊಂಡಿದ್ದಳು, ಅಷ್ಟೆ.

ಮರುದಿನ ಕಾಗದಗಳನ್ನು ಮನೆಯಲ್ಲೇ ಬಿಟ್ಟು ಬಂದಳು. ಗಂಡಸರು ನಾಯಿಗಳೊಂದಿಗೆ ಕುರಿ ಮೇಯಿಸಲು ಹೊರಟುಹೋಗಿದ್ದರು. ಎಳೆಯ ಮರಿಗಳನ್ನು ಕೂಡಿಹಾಕುವ ಬಲೆಯ ದಡ್ಡಿಯ ಬಳಿ ಪಕ್ಕೀರಪ್ಪನ ತಾಯಿ ಮಾರೆಮ್ಮ ಒಬ್ಬಳೇ ಕುಳಿತು, ಮರಿಗಳಿಗೆ ಸೊಪ್ಪಿನ ಕಟ್ಟುಗಳನ್ನು ತೂಗುಹಾಕುತ್ತಿದ್ದಳು. ಮುಬಾಶಿರಾ ತಾನೂ ಒಂದು ಕಟ್ಟು ಎತ್ತಿಕೊಂಡಳು.

"ಕೇಳೂದನ್ನ ಗಂಡಸರಿಗೆ ಕೇಳೀದಿ. ನಂದೇನೈತಿ?" ಎಂದಳು ಮುದುಕಿ.

"ಎದ್ದಾಗಿಂದ ಏನೇನ ಮಾಡತೀರಿ ಯಮ್ಮಾ? ಅಷ್ಟ ಹೇಳ್ರಿ ಸಾಕು."

ಅಂಥ ಪ್ರಶ್ನೆಯನ್ನು ಮಾರೆಮ್ಮನಿಗೆ ಯಾರೂ ಕೇಳಿರಲಿಲ್ಲ. ಕಸ, ರೊಟ್ಟಿ, ಕಾಲು ನೋವಾದ ಮರಿಗೆ ಪಟ್ಟಿ ಎಂದು ಒಂದೊಂದಾಗಿ ಹೇಳುತ್ತ ಬಂದವಳು ಮಧ್ಯಾಹ್ನಕ್ಕೆ ಬಂದಾಗ ದನಿ ತಗ್ಗಿಸಿದಳು.

"ನೀರಿಗೆ ಹೋಗತೀನಿ. ಬೋರು ದೂರ ಐತಿ. ಬರೂದ್ರೊಳಗ ಮರಿ ಹೋಗಿರತೈತಿ. ಖರೆ ಹೇಳಿದ್ರ 'ಮುದುಕಿ ದಡ್ಡಿ ಬಿಟ್ಟು ಅಡ್ಡಾಡತೈತಿ' ಅಂತಾರ. ಅದಕ್ಕ ಹೊತ್ತು ಮುಳುಗಿದ ಮ್ಯಾಲ ಹೋದುವು ಅಂದೀನಿ. ನೀ ಎಲ್ಲೂ ಹೇಳಬ್ಯಾಡವ್ವ."

ಮುಬಾಶಿರಾಗೆ ಈಗ ಹೊಳೆಯಿತು. ಹಟ್ಟಿಯವರು ರಾತ್ರಿಯಿಡೀ ಕಾವಲು ಕಾದು ಹಗಲಿನಲ್ಲಿ ದಡ್ಡಿಯನ್ನು ಬರಿದೇ ಬಿಡುತ್ತಿದ್ದರು. ಈ ಮಾತನ್ನು ಪಕ್ಕೀರಪ್ಪನಿಗೆ ಮುಟ್ಟಿಸಿದರೆ ಹಗಲೂ ಕಾವಲು ಬಿದ್ದು ಕುರಿಮರಿಗಳ ಜೊತೆ ತೋಳದ ಮರಿಗಳೂ ಉಳಿದಾವು. ಆದರೆ ನಂಬಿ ಹೇಳಿದ ಮಾತನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಒಯ್ಯಬಾರದೆಂಬುದು ಅವಳ ಶಾಸ್ತ್ರದ ಮೊದಲ ಪಾಠ. ಅಮಾವಾಸ್ಯೆ ಮರುದಿನವೇ ಇತ್ತು.

"ನಾ ಹೇಳಂಗಿಲ್ರಿ ಯಮ್ಮಾ. ಆದ್ರ ಬಿಲದಾಗೂ ಮರಿ ಅದಾವ. ಹೇಳೂದಿದ್ರ ನೀವ ಹೇಳಬೇಕು."

ಮಾರೆಮ್ಮ ಮತ್ತೊಂದು ಸೊಪ್ಪಿನ ಕಟ್ಟನ್ನು ಎತ್ತಿ ತೂಗುಹಾಕಿದಳು.

ಅಮಾವಾಸ್ಯೆಯ ಬೆಳಿಗ್ಗೆ ಮುಬಾಶಿರಾ ಮತ್ತೆ ಬಂದಾಗ ಹಟ್ಟಿಯಲ್ಲಿ ಪೂಜೆ ಮುಗಿದಿತ್ತು. ಪಕ್ಕೀರಪ್ಪ ಜಾಲಿಮುಳ್ಳು ಕಡಿಯಲು ಕೊಡಲಿ ಮಸೆಯುತ್ತಿದ್ದ. ಅವಳು ಹೋಳಿಗೆಯ ತಟ್ಟೆ ಹಿಡಿದು ಕುಳಿತಳು. ಮಾರೆಮ್ಮ ಖಾಲಿ ಕೊಡವನ್ನು ತಂದು ಮಗನ ಮುಂದೆ ಕುಕ್ಕಿದಳು.

"ಲೇ ಪಕ್ಕೀರಾ, ಮರಿ ಹೋಗಿದ್ದು ಕತ್ತಲ್ಯಾಗಲ್ಲ. ಮಟಮಟ ಮಧ್ಯಾಹ್ನ, ನಾ ನೀರಿಗೆ ಹೋದಾಗ."

ಕೊಡಲಿ ನಿಂತಿತು. "ದಡ್ಡಿ ಬಿಟ್ಟು ಹೋಗತಿದ್ದೇನು? ಮೊದಲ ಹೇಳಬಾರದೇನಬೇ?"

"ನೀರು ಏನು ನಿಮ್ಮಪ್ಪ ಬಂದು ತುಂಬತಿದ್ನೇನು? ನಾಯೆಲ್ಲಾ ನಿನ್ನ ಹಿಂದ ಬಾಲಾ ಅಲ್ಲಾಡಿಸ್ಕೋಂತ ಹೋಗತಾವು. ನನಗ ಒಂದರ ಬಿಟ್ಟೀಯೇನು? ಈ ಹುಡುಗಿ ಕೇಳಿದ್ಲು, ಹೇಳಿದೆ. ನೀ ಯಾವಾಗ ಕೇಳೀದಿ?"

ಸುತ್ತಲಿದ್ದವರು ನಕ್ಕರು. ಪಕ್ಕೀರಪ್ಪನ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮುಬಾಶಿರಾಳ ಮೇಲೆ ತಿರುಗಿತು. "ಹಗಲಿಗೂ ಒಂದು ನಾಯಿ ಬಿಟ್ಟು ಹತ್ತು ದಿನ ನೋಡೂಣು. ಮತ್ತೊಂದು ಮರಿ ಹೋತಂದ್ರ ಹೊಗಿ ಹಾಕಾವ್ನ. ನೀ ಅಡ್ಡ ಬರಂಗಿಲ್ಲ."

"ಬರಂಗಿಲ್ರಿ," ಎಂದಳು ಅವಳು.

ಅಂದಿನಿಂದ ಕರಿನಾಯಿಯೊಂದು ಹಗಲಿಡೀ ದಡ್ಡಿಯ ಬಳಿ ಉಳಿಯಿತು. ನೀರಿನ ಕ್ಯಾನುಗಳು ಪಕ್ಕೀರಪ್ಪನ ಬೈಕಿಗೆ ಬಂದವು. ಗೆಳೆಯರು ಅವನನ್ನು 'ಟ್ಯಾಂಕರ್' ಎಂದು ಕರೆಯತೊಡಗಿದರು. ಒಮ್ಮೆ ನಾಯಿ ಹಳ್ಳದವರೆಗೂ ಬೊಗಳುತ್ತ ಓಡಿತು. ಮರಿಗಳು ಮಾತ್ರ ದಡ್ಡಿಯಲ್ಲೇ ಇದ್ದವು.

ಗಡುವು ಮುಗಿದ ಬೆಳಿಗ್ಗೆ ಪಕ್ಕೀರಪ್ಪ ತಾನೇ ಫೋನ್ ಮಾಡಿ ಮುಬಾಶಿರಾಳನ್ನು ಕರೆಸಿದ. ಮಾರೆಮ್ಮನೂ ಸೇರಿ ಮೂವರೂ ಹಳ್ಳಕ್ಕೆ ಇಳಿದರು. ಬಿಲ ಬರಿದಾಗಿತ್ತು, ಮುಳ್ಳಿನ ಗುರುತಿಲ್ಲ, ಹೊಗೆಯ ಕಪ್ಪೂ ಇಲ್ಲ. ಒದ್ದೆ ಮರಳಿನಲ್ಲಿ ದೊಡ್ಡ ಹೆಜ್ಜೆಯೊಂದರ ಸುತ್ತ ಪುಟ್ಟ ಹೆಜ್ಜೆಗಳು ಚೆಲ್ಲಾಡಿ, ಗುಡ್ಡದ ಕಡೆಗೆ ಸಾಗಿದ್ದವು.

"ಅವೂ ಹಟ್ಟಿ ಕಿತ್ಯಾವ," ಎಂದಳು ಮಾರೆಮ್ಮ.

ಪಕ್ಕೀರಪ್ಪ ಆ ಹೆಜ್ಜೆಗಳನ್ನು ನೋಡುತ್ತ ನಿಂತ. "ಎಷ್ಟ ಮರಿ ಇದ್ದುವು ತಂಗಿ?"

ಮುಬಾಶಿರಾ ನಕ್ಕಳು. "ಎಣಿಸಬಾರದ್ರಿ ಅಣ್ಣಾ. ದೃಷ್ಟಿ ಆಗತೈತಿ."